ಗೊಂಬೆ ಮದುವೆಯ ರೊಟ್ಟಿ

ಹೋದ ತಿಂಗಳು ಶಿಕ್ಷಕರ ತರಬೇತಿಗೆಂದು ಯಲ್ಲಾಪುರಕ್ಕೆ ಹೋಗಿದ್ದೆ. ಶಿರಸಿಗೆ ಹಿಂತಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಲಾರಿಯವರು ಉಣ್ಣುವ ಒಂದು ಸಣ್ಣ ಖಾನಾವಳಿಯ ಮುಂದೆ ಹಾದುಹೋಗುವಾಗ ಆ ವಾಸನೆ ಬಂತು. ಕಾದ ಹಂಚಿನ ಮೇಲಿರುವ ಜೋಳದ ರೊಟ್ಟಿಗೆ ಒದ್ದೆ ಬಟ್ಟೆ ಸವರಿದಾಗ ಏಳುವ ಹಬೆಯ ವಾಸನೆ. ಸ್ವಲ್ಪ ಹಿಟ್ಟು, ಸ್ವಲ್ಪ ಬಟ್ಟೆ, ಸ್ವಲ್ಪ ಸುಟ್ಟದ್ದು... ತರಬೇತಿಯಲ್ಲಿ ಊಟ ಹಾಕಿದ್ದರು, ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಆದರೂ ಒಳಗೆ ಹೋಗಿ ಕೂತೆ. ರೊಟ್ಟಿ ತಟ್ಟುವ ಹೆಂಗಸಿನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ತಿರುಗಿ ನೋಡದಿದ್ದರೆ ಸಾಕು ಎನಿಸಿತು. ತಿರುಗಿದರೆ ಮುಖ ಬೇರೆಯಾಗಿರುತ್ತದಲ್ಲ.

ನಾನು ನೆನೆಯುತ್ತಿದ್ದದ್ದು ನಮ್ಮ ಹಿತ್ತಿಲ ಹಿಂದಿನ ಮನೆಯ ಅವ್ವನನ್ನು. ಶಿರಸಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಿಲಿಗೂ ಅವರ ಅಡುಗೆಮನೆಯ ಬಾಗಿಲಿಗೂ ನಡುವೆ ಒಂದು ಬಟ್ಟೆ ಒಗೆಯುವ ಕಲ್ಲು ಮಾತ್ರ ಇತ್ತು. ಬನವಾಸಿಯ ಆಚೆಯ ಕಡೆಯವರು. ಮಗ, ಸೊಸೆಯ ಜೊತೆ ಇದ್ದರು. ಮಗ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಿದ್ದ. ಅವ್ವ ಶಿರಸಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಊಟದ ವಿಷಯದಲ್ಲಿ ಇನ್ನೂ ತಮ್ಮ ಊರಿನಲ್ಲೇ ಇದ್ದರು. ನಮ್ಮ ಕಡೆಯವರು ಮೂರು ಹೊತ್ತು ಅಕ್ಕಿಯನ್ನೇ ಬೇರೆ ಬೇರೆ ವೇಷ ಹಾಕಿಸಿ ತಿನ್ನುತ್ತೇವೆ ಎಂದು ನನ್ನ ಮುಂದೆಯೇ ನಗುತ್ತಿದ್ದರು. ನಾನು ಟೀಚರಾದ್ದರಿಂದ ನನ್ನನ್ನು 'ಅಕ್ಕೋರ' ಎಂದು ಕರೆಯುತ್ತಿದ್ದರು, ಗೌರವದಿಂದಲೇ ಗೇಲಿ ಮಾಡುತ್ತಿದ್ದರು.

ಆಗ ನನ್ನ ಮಗಳಿಗೆ ಐದು ವರ್ಷ. ಆಟಿಸಂ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ವರ್ಷವಾಗಿತ್ತು. ಮಾತಿರಲಿಲ್ಲ. ಊಟವೆಂದರೆ ಬಿಳಿಯದು ಮಾತ್ರ. ತುಪ್ಪ, ಉಪ್ಪು ಹಾಕಿದ ಅನ್ನ, ಇಲ್ಲವೇ ನಮ್ಮ ಮನೆಗಳಲ್ಲಿ ಮಾಡುವ ತೆಳ್ಳೇವು, ಅಂದರೆ ಕಾಗದದಂಥ ತೆಳು ದೋಸೆ. ಅದರ ಮೇಲೆ ಒಂದು ಕಂದು ಚುಕ್ಕಿ ಕಂಡರೂ ತಟ್ಟೆ ದೂಡಿಬಿಡುತ್ತಿದ್ದಳು. ಕೈಕಾಲು ಕಡ್ಡಿಯಾಗಿದ್ದವು. ಸ್ನಾನ ಮಾಡಿಸುವಾಗ ಬೆನ್ನಿನ ಎಲುಬುಗಳು ಬೆರಳಿಗೆ ಸಿಗುತ್ತಿದ್ದವು.

ಬಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರು ಯಾರೂ ಇಲ್ಲ. ಪಂಕ್ತಿಯಲ್ಲಿ ಕೂತವರು ಬೇಡ ಅಂದಷ್ಟೂ ಬಡಿಸಬೇಕು, ಅದೇ ಉಪಚಾರ. ಸಾಕು ಎಂದು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಹೋಳಿಗೆ ಇಳಿಸುವವನು ಒಳ್ಳೆಯ ಬಡಿಸುವವನು. ಇಂಥವರ ನಡುವೆ, ಬಡಿಸಿದ್ದನ್ನು ಕಂಡು ಕಿರುಚಿ ಎದ್ದು ಓಡುವ ಮಗುವನ್ನು ಕಟ್ಟಿಕೊಂಡು ಹೋಗುವುದೆಂದರೆ ಏನೆಂದು ಹೋದವರಿಗೇ ಗೊತ್ತು. ದೊಡ್ಮನೆ ಊರಿನಿಂದ ನನ್ನ ಅತ್ತೆ ಬಂದಾಗಲೆಲ್ಲ ಮಗುವಿನ ತೋಳು ಹಿಡಿದು ನೋಡಿ, "ಕೂಸು ಸೊರಗಿ ಹೋಜಲೇ. ಉಂಬ್ಲೆ ಸರಿ ಹಾಕ್ತಿಲ್ಯನೇ?" ಎಂದು ಕೇಳುತ್ತಿದ್ದರು. ಮಗುವಿಗೆ ಸರಿಯಾಗಿ ಉಣ್ಣಲು ಹಾಕುವುದಿಲ್ಲವೇ ಎಂದು, ಪ್ರೀತಿಯಿಂದಲೇ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಮಗಳು ಮನೆಯಲ್ಲಿ ಕಾಣಲಿಲ್ಲ. ರಸ್ತೆಯ ಕಡೆ ಓಡಿದೆ, ಬಾವಿಯೊಳಗೆ ಬಗ್ಗಿ ನೋಡಿದೆ. ಅಷ್ಟರಲ್ಲಿ ಹಿಂದಿನ ಮನೆಯಿಂದ ಅವ್ವ ಕರೆದರು. "ಬರ್ರಿ ಅಕ್ಕೋರ, ನಿಮ್ಮ ಹುಡುಗಿ ಎಲ್ಲೂ ಹೋಗಿಲ್ಲ. ನನ್ನ ರೊಟ್ಟಿಗೆ ತಾಳ ಹಾಕ್ಕೋತ ಕುಂತಾಳ."

ಹೌದು, ಅವರ ಅಡುಗೆಮನೆಯ ಹೊಸಿಲ ಮೇಲೆ ಕೂತಿದ್ದಳು. ಅವ್ವ ರೊಟ್ಟಿ ತಟ್ಟುವ ಸದ್ದಿಗೆ ಸರಿಯಾಗಿ ಮೈ ತೂಗುತ್ತಿದ್ದಳು. ಸದ್ದು ಜೋರಾದರೆ ಜೋರಾಗಿ, ನಿಧಾನವಾದರೆ ನಿಧಾನವಾಗಿ. ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು ಈ ಸದ್ದಿಗೆ ಕಿವಿಗೊಟ್ಟು ಕೂತಿತ್ತು. ಮರುದಿನವೂ ಹೋದಳು. ಆಮೇಲೆ ಅದೇ ದಿನಚರಿಯಾಯಿತು. ಕೆಲವು ವಾರ ಬರೀ ಕೇಳಿದಳು. ಒಂದು ದಿನ ಹಂಚಿನಿಂದ ಇಳಿಸಿದ ರೊಟ್ಟಿಗೆ ಕೈ ಹಾಕಿ, ಮೈತುಂಬ ಕಂದು ಚುಕ್ಕಿಯಿದ್ದ ಆ ರೊಟ್ಟಿಯನ್ನು ಅಂಚಿನಿಂದ ಸುತ್ತಲೂ ಕಚ್ಚುತ್ತ ತಿಂದು ಮುಗಿಸಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಉಸಿರಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಭಯ.

ಅವ್ವನಿಗೆ ಒಂದು ಅಭ್ಯಾಸವಿತ್ತು. ಹಿಟ್ಟಿನ ಉಂಡೆ ತೆಗೆದುಕೊಳ್ಳುವಾಗಲೆಲ್ಲ ತಮಗೆ ತಾವೇ "ಇನ್ನೊಂದ" ಎನ್ನುತ್ತಿದ್ದರು. ಕೆಲಸ ಮುಗಿಯುತ್ತ ಬಂತೆಂದು ಮಂಡಿಗೆ ಸಮಾಧಾನ ಹೇಳುವುದಂತೆ. ಹಾಗೆ ಹೇಳಿಕೊಂಡೇ ಬುಟ್ಟಿ ತುಂಬ ತಟ್ಟುತ್ತಿದ್ದರು. ರೊಟ್ಟಿ ತಿನ್ನಲು ಶುರುಮಾಡಿದ ಕೆಲ ದಿನಕ್ಕೆ ನನ್ನ ಮಗಳು ಖಾಲಿ ಕೈಯನ್ನು ಅವ್ವನ ಮುಂದೆ ಚಾಚಿ, "ಇನ್ನೊಂದ" ಎಂದಳು.

ಅದು ಅವಳ ಮೊದಲ ಮಾತು. ಅಮ್ಮ ಅಲ್ಲ, ಆಯಿ ಅಲ್ಲ, ಅಪ್ಪ ಅಲ್ಲ. ಅದೂ ನಮ್ಮ ಮನೆಯ ಮಾತಿನಲ್ಲಲ್ಲ, ಬನವಾಸಿಯ ಆಚೆಯ ಮಾತಿನಲ್ಲಿ. ಇದು ಮಾತೋ ಅಥವಾ ಕೇಳಿದ್ದರ ಪ್ರತಿಧ್ವನಿಯೋ ಹೇಳಲಾಗದು ಎಂದರು ಹುಬ್ಬಳ್ಳಿಯ ಡಾಕ್ಟರು. ಪ್ರತಿಧ್ವನಿ ಕೈ ಚಾಚುತ್ತದೆಯೇ? ನಾನು ಕೇಳಲಿಲ್ಲ. ಮನೆಗೆ ಬಂದು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ.

ಅವಳು ಹೇಳಿದಷ್ಟು ಸಲವೂ ಅವ್ವ ಕೊಟ್ಟರು. ಬೆಣ್ಣೆ ಹಚ್ಚಿ ಕೊಟ್ಟರು, ಬೆಲ್ಲ ಇಟ್ಟು ಕೊಟ್ಟರು. ಬೆಳಿಗ್ಗೆ ಸಾಲದೆಂದು ಸಂಜೆಯೂ ಕೊಟ್ಟರು. ನಾನೂ ಸಂಭ್ರಮದಿಂದ ನೋಡಿದೆ. ಮೊದಲು ಕೆನ್ನೆ ತುಂಬಿತು, ಆಮೇಲೆ ತೋಳು. "ಈಗ ಕೂಸು ಕೈಕಾಲು ತುಂಬ್ಕಂಜು" ಎಂದು ಅತ್ತೆ ದೃಷ್ಟಿ ತೆಗೆದರು. ತುಂಬಿದ್ದು ನಿಲ್ಲಬೇಕಲ್ಲ? ವರ್ಷ ಎರಡು ಕಳೆಯುವಷ್ಟರಲ್ಲಿ ಅವಳ ಅಂಗಿಗಳನ್ನು ನಾನು ಹೊಲಿಸಿ ಹೊಲಿಸಿ ಸೋತೆ. ಮೆಟ್ಟಿಲು ಹತ್ತಿದರೆ ಏದುಸಿರು. ತೊಡೆ ತೊಡೆ ಉಜ್ಜಿ ಕೆಂಪಾಗಿ, ನೋವೆಂದು ಹೇಳಲು ಬಾರದೆ ತಲೆಯನ್ನು ಗೋಡೆಗೆ ಬಡಿಯುತ್ತಿದ್ದಳು. ಶಿರಸಿಯ ಡಾಕ್ಟರು ತೂಕದ ಯಂತ್ರದ ಮೇಲೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಹೀಗೇ ಬಿಟ್ರೆ ಚಿಕ್ಕ ವಯಸ್ಸಿಗೇ ಶುಗರ್ ಬರ್ತದೆ. ದಿನಾ ಸೂಜಿ ಚುಚ್ಚಿಸ್ಕೊಳ್ಳೋ ಹುಡುಗಿಯಾ ಇವಳು?" ಅಲ್ಲ. ಉಗುರು ಕತ್ತರಿಸಲು ಇಬ್ಬರು ಹಿಡಿದುಕೊಳ್ಳಬೇಕಾಗಿತ್ತು.

ಅವ್ವನಿಗೆ ಹೇಳಿದೆ. ಅವರು ಕೈಯ ಹಿಟ್ಟು ಒರೆಸಿಕೊಂಡರು. ಆಮೇಲೆ, "ಬಾಯಿ ಬಿಟ್ಟ ಕೇಳೋ ಕೂಸಿಗೆ ಇಲ್ಲ ಅಂತ ಹೆಂಗ ಅನ್ನಲ್ರಿ ಅಕ್ಕೋರ? ನಾಳೆ ಅದು ಕೇಳೂದ ಬಿಟ್ಟರ ಏನ್ ಮಾಡ್ತೀರಿ?" ಎಂದರು. ಮಗಳಿಗೆ ಇದ್ದದ್ದು ಒಂದೇ ಮಾತು, ಆ ಮಾತಿನಿಂದಲೇ ಮಗು ಊದುತ್ತಿತ್ತು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ರೊಟ್ಟಿಯನ್ನು ಅರ್ಧ ಮುರಿದು ಕೊಟ್ಟು ನೋಡಿದೆವು. ಅವಳಿಗೆ ರೊಟ್ಟಿ ದುಂಡಗಿರಬೇಕು, ಮುರಿದ ರೊಟ್ಟಿ ರೊಟ್ಟಿಯಲ್ಲ. ಎತ್ತಿ ಎಸೆದಳು. ಕೊನೆಗೆ ಅವ್ವ ರೊಟ್ಟಿ ತಟ್ಟುವ ಹೊತ್ತಿಗೆ ನಾನು ಹಿತ್ತಿಲ ಬಾಗಿಲಿಗೆ ಚಿಲಕ ಹಾಕತೊಡಗಿದೆ. ಮಗಳು ಬಾಗಿಲ ಮುಂದೆ ನಿಂತು, ಹಲಗೆಗೆ ಅಂಗೈಯೊಡ್ಡಿ, "ಇನ್ನೊಂದ" ಎನ್ನುತ್ತಿದ್ದಳು. ಅಳುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ಬಾಗಿಲಿಗೆ ಹೇಳುತ್ತಿದ್ದಳು ಅಷ್ಟೇ. ಆಚೆ ಕಡೆಯ ತಟ್ಟುವ ಸದ್ದು ನಿಂತುಹೋಗುತ್ತಿತ್ತು. ಅವರ ಮನೆಯಲ್ಲಿ ಆ ವಾರ ಎಲ್ಲರೂ ಅನ್ನವನ್ನೇ ಉಂಡರೆಂದು ಆಮೇಲೆ ಸೊಸೆ ಹೇಳಿದಳು.

ಒಂದು ಬೆಳಿಗ್ಗೆ ಅವ್ವನೇ ಬಂದು ಚಿಲಕ ತೆಗೆಸಿದರು. "ಹಾವು ಸಾಯಬೇಕು, ಕೋಲು ಮುರೀಬಾರ್ದು. ಕಳಿಸ್ರಿ ಹುಡುಗೀನ" ಎಂದರು.

ಅವರು ಮಾಡಿದ್ದು ಇಷ್ಟೇ, ರೊಟ್ಟಿ ಚಿಕ್ಕದು ಮಾಡಿದರು. ಒಮ್ಮೆಗೇ ಅಲ್ಲ. ಒಮ್ಮೆಗೇ ಚಿಕ್ಕದಾದರೆ ಅವಳು ಮುಟ್ಟುವವಳಲ್ಲ. ಮೊದಲು ಅನ್ನದ ಪಾತ್ರೆಯ ಮುಚ್ಚಳದಷ್ಟು. ತಟ್ಟಿದ ಮೇಲೆ ಮುಚ್ಚಳವನ್ನು ಮೇಲಿಟ್ಟು ಅಳತೆ ನೋಡುತ್ತಿದ್ದರು. ಅವಳಿಗೆ ಅದು ರೂಢಿಯಾದ ಮೇಲೆ ಬೇಳೆ ಡಬ್ಬಿಯ ಮುಚ್ಚಳ, ಅದಾದ ಮೇಲೆ ಚಹಾಪುಡಿ ಡಬ್ಬಿಯ ಮುಚ್ಚಳ. ಮಳೆಗಾಲದಲ್ಲಿ ಶುರುವಾದದ್ದು ಸಂಕ್ರಾಂತಿಯ ಹೊತ್ತಿಗೆ ಅಂಗೈಯೊಳಗೆ ಮುಚ್ಚಿಹೋಗುವ ರೊಟ್ಟಿಗೆ ಬಂದು ನಿಂತಿತು. ಎಲ್ಲವೂ ದುಂಡಗೆ, ಎಲ್ಲದರ ಮೇಲೂ ಚುಕ್ಕಿ. ಮಗಳು ಕೈ ಚಾಚಿ ಎಷ್ಟು ಸಲ "ಇನ್ನೊಂದ" ಎಂದರೂ ಕೊಡಬಹುದಾಗಿತ್ತು.

ಇದು ಸುಲಭದ ಕೆಲಸವಲ್ಲ. ದೊಡ್ಡ ರೊಟ್ಟಿಯನ್ನು ತಟ್ಟಿ ಹಂಚಿಗೆ ಹಾಕಿದರೆ ಸ್ವಲ್ಪ ಹೊತ್ತು ಕೈಗೆ ಬಿಡುವು. ಇದು ಹಾಕುತ್ತಲೇ ಬೇಯುತ್ತದೆ, ತೆಗೆಯಹೋದರೆ ಬೆರಳು ಸುಡುತ್ತದೆ. ಅವ್ವ ಬೆರಳನ್ನು ಬಾಯಿಗಿಟ್ಟುಕೊಂಡು, "ನಮ್ಮ ಮನ್ಯಾಗ ದಿನಾ ಗೊಂಬಿ ಮದವಿ ನಡದೈತಿ ನೋಡ್ರಿ" ಎಂದು ಗೊಣಗುತ್ತಿದ್ದರು. ಅವರೇನು ಸಂತರಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೆಣ್ಣೆಯ ವಿಷಯದಲ್ಲಿ ನಮ್ಮಿಬ್ಬರಿಗೂ ಕೊನೆಯವರೆಗೆ ರಾಜಿಯಾಗಲಿಲ್ಲ. ಬೇಡವೆಂದರೆ ಹೂಂ ಎನ್ನುವುದು, ನಾನು ಆಚೆ ತಿರುಗಿದರೆ ರೊಟ್ಟಿಯ ಅಡಿಗೆ ಸವರುವುದು. ಮಗಳ ಗದ್ದ ಮಿನುಗಿದಾಗ ನನಗೆ ಗೊತ್ತಾಗುತ್ತಿತ್ತು. ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ನಾನೇ ಮಜ್ಜಿಗೆ ಕೇಳುವ ನೆಪದಲ್ಲಿ ಹೋಗುತ್ತಿದ್ದೆ.

ತೂಕವೇನೂ ಇಳಿಯಲಿಲ್ಲ, ಏರುವುದು ನಿಂತಿತು. ಡಾಕ್ಟರು ಅಷ್ಟಕ್ಕೇ ಸಮಾಧಾನಪಟ್ಟರು. ಹೀಗೆ ಕೆಲವು ವರ್ಷ ನಡೆಯಿತು. ಈಗ ಯೋಚಿಸಿದರೆ ಅವು ನನ್ನ ಬದುಕಿನ ಒಳ್ಳೆಯ ವರ್ಷಗಳು. ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತ ಆ ಸದ್ದು, ಆ ಮಾತು, ಮತ್ತೆ ಆ ಸದ್ದು ಕೇಳುತ್ತಿದ್ದೆ. ಇಬ್ಬರು ಮಾತಾಡಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಇಬ್ಬರು ಮಾತಾಡಿಕೊಳ್ಳುತ್ತಲೇ ಇದ್ದರು...

ಮಗಳಿಗೆ ಹದಿಮೂರಾದ ವರ್ಷ ಅವ್ವ ತಂಗಿಯ ಮೊಮ್ಮಗಳ ಮದುವೆಗೆಂದು ಊರಿಗೆ ಹೊರಟರು. ನಾಲ್ಕು ದಿನಕ್ಕಾಗುವಷ್ಟು ಪುಟ್ಟ ರೊಟ್ಟಿಗಳನ್ನು ತಟ್ಟಿ, ಒಣಗಿಸಿ, ಕಡಕ್ ಮಾಡಿ ಡಬ್ಬಿಯಲ್ಲಿ ತುಂಬಿ ನನ್ನ ಕೈಗೆ ಕೊಟ್ಟರು. "ನೀವು ಜಿಪುಣಿ. ಕೇಳಿದಷ್ಟ ಕೊಡ್ರಿ" ಎಂದರು. ಮದುವೆ ಮನೆಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಅಲ್ಲಿಯೇ ಮಣ್ಣು ಮಾಡಿದರು. ನನಗೆ ಹೋಗಲಾಗಲಿಲ್ಲ, ಮಗಳನ್ನು ಬಿಟ್ಟು ಹೋಗುವಂತಿರಲಿಲ್ಲ.

ಆ ದಿನ ಅವಳನ್ನು ಅವ್ವನ ಮನೆಯ ಹೊಸಿಲ ಮೇಲೆ ಕೂರಿಸಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತೆ. ಮನೆಗೆ ಬೀಗ ಹಾಕಿತ್ತು. ಅವಳು ನನ್ನ ಮುಖ ನೋಡದೆ ಕೈ ಚಾಚಿ, "ಇನ್ನೊಂದ" ಎಂದಳು. ಕೊಟ್ಟೆ. ಮತ್ತೆ ಎಂದಳು, ಮತ್ತೆ ಕೊಟ್ಟೆ. ಉಳಿದಿದ್ದ ಎಲ್ಲವನ್ನೂ ಕೊಟ್ಟೆ. ಡಬ್ಬಿಯಲ್ಲಿ ಪುಡಿ ಮಾತ್ರ ಉಳಿದಾಗ ಅವಳು ಬಗ್ಗಿ ಒಳಗೆ ನೋಡಿದಳು. ಕೈ ಚಾಚಿ ಇನ್ನೊಮ್ಮೆ ಕೇಳಿದಳು. ನನ್ನ ಹತ್ತಿರ ಏನೂ ಇರಲಿಲ್ಲ. ಅವಳು ಆ ಮಾತು ಆಡಿದ್ದು ಅದೇ ಕೊನೆ.

ಸೊಸೆ ಒಳ್ಳೆಯವಳು, ಎಷ್ಟೋ ದಿನ ಪ್ರಯತ್ನಪಟ್ಟಳು. ಅವಳು ರೊಟ್ಟಿ ತಟ್ಟುವ ಸದ್ದು ಬೇರೆ. ಮಗಳು ಸ್ವಲ್ಪ ಹೊತ್ತು ಕೇಳಿ ಎದ್ದು ಬಂದುಬಿಡುತ್ತಿದ್ದಳು. ನಾನೂ ತಟ್ಟಿದೆ. ದೋಸೆ ಎರೆದು ಬೆಳೆದ ಕೈ, ರೊಟ್ಟಿ ಅಂಚೆಲ್ಲ ಬಿರಿಯುತ್ತಿತ್ತು. ಮೆಲ್ಲಗೆ ಅವಳು ತನ್ನ ಹಳೆಯ ಬಿಳಿ ಊಟಕ್ಕೇ ಹಿಂತಿರುಗಿದಳು.

ಈಗ ಅವಳಿಗೆ ಹತ್ತೊಂಬತ್ತು. ಖಾನಾವಳಿಯಿಂದ ಅಂದು ನಾನು ಕಟ್ಟಿಸಿಕೊಂಡು ತಂದ ರೊಟ್ಟಿಯನ್ನು ಅವಳು ಮೂಸಿಯೂ ನೋಡಲಿಲ್ಲ. ಮರುವಾರ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ತೂಕ ಬಹಳ ಇಳಿದಿದೆ, ಶುಗರ್ ಇಲ್ಲ, ಏದುಸಿರಿಲ್ಲ. ಡಾಕ್ಟರು ಖುಷಿಯಾಗಿ, "ಏನು ಮಾಡಿದ್ರಿ? ಬೇರೆ ತಾಯಂದಿರಿಗೂ ಹೇಳಬಹುದಲ್ಲ" ಎಂದರು. ನಾನು ನಕ್ಕು, ಚೀಲ ಎತ್ತಿಕೊಂಡು ಬಂದೆ.

ಏನು ಮಾಡಿದೆ ಎಂದು ಹೇಳಲಿ? ದಿನವೂ ಅವಳ ಹಸಿವಿಗಿಂತ ಒಂದು ತೆಳ್ಳೇವು ಕಡಿಮೆ ಬಡಿಸುತ್ತೇನೆ. ಅವಳು ಕೇಳಲಿ ಎಂದು ಇನ್ನೊಂದನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ. ಅವಳು ತಿಂದು ಮುಗಿಸಿ ಖಾಲಿ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡುತ್ತಾಳೆ. "ಇನ್ನೊಂದು ಬೇಕನೇ ಕೂಸೇ?" ಎಂದು ಕೇಳುತ್ತೇನೆ. ತಟ್ಟೆಗೆ ಹಾಕಿಯೂ ನೋಡುತ್ತೇನೆ, ಮುಟ್ಟುವುದಿಲ್ಲ. ಎದ್ದು ಕೈ ತೊಳೆಯಲು ಹೋಗುತ್ತಾಳೆ. ತೂಕ ಇಳಿದದ್ದು ಹೀಗೆ.