ಅಜ್ಜಿಯದು ಅಣ್ಣನ ಕಾಯಿಲೆಯಲ್ಲ

“ನಿಮ್ಮಜ್ಜಿಗೆ ನಿಮ್ಮಣ್ಣನ ಹಂಗ ಆಗೇತಿ, ಲಗೂ ಬಾ” ಎಂದು ಅವ್ವ ಫೋನಿನಲ್ಲಿ ಹೇಳಿದಾಗ ನಾನು ಬಳ್ಳಾರಿಯ ಬಾಡಿಗೆ ಕೋಣೆಯಲ್ಲಿ ಕೆಲಸಕ್ಕೆ ಹೊರಡುತ್ತಿದ್ದೆ. ಹೆಚ್ಚು ಕೇಳಲಿಲ್ಲ. ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದೆ.

“ಅಣ್ಣನ ಹಂಗ” ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಡಿಗ್ರಿ ಓದುವಾಗ ಅಣ್ಣ ಮೊದಲು ಗೆಳೆಯರನ್ನು ಬಿಟ್ಟ, ಆಮೇಲೆ ಸ್ನಾನ ಬಿಟ್ಟ, ಕೊನೆಗೆ ಗೋಡೆಯಾಚೆಯವರು ತನ್ನನ್ನು ಬೈಯುತ್ತಾರೆಂದು ಹಾಸ್ಟೆಲ್ಲನ್ನೇ ಬಿಟ್ಟು ಊರಿಗೆ ಬಂದ. ಅದು ಕಾಯಿಲೆ ಎಂದು ನಮಗೆ ಅರ್ಥವಾಗಲು ವರ್ಷವೇ ಹಿಡಿಯಿತು. ಮನೋವೈದ್ಯರ ಮಾತ್ರೆಗಳ ಜೊತೆಗೆ ಮನೆಯವರೂ ಒಂದಷ್ಟು ಕಲಿತರು. ಅವನೊಡನೆ ವಾದ ಮಾಡಬಾರದು, ಗದ್ದಲ ಕೂಡದು, ಕಿಟಕಿ ಮುಚ್ಚಿರಬೇಕು, ಮಲಗಿದರೆ ಎಬ್ಬಿಸಬಾರದು. ಈಗ ಅವನು ಮಾತ್ರೆ ತಪ್ಪಿಸದೆ, ದೇಶನೂರಿನ ನಮ್ಮ ಗದ್ದೆಯ ನೀರಿನ ಹೊಣೆಯನ್ನು ಒಬ್ಬನೇ ಹೊತ್ತಿದ್ದಾನೆ.

ಮನೆ ತಲುಪಿದಾಗ ಹೊರಗೆ ಉರಿಬಿಸಿಲು. ಅಜ್ಜಿಯ ಕೋಣೆಯಲ್ಲಿ ಕತ್ತಲು. ಕಿಟಕಿ ಮುಚ್ಚಿ ಮೇಲೆ ಚಾದರ ಕಟ್ಟಿದ್ದರು. ಅವಳ ಕನ್ನಡಕ ತೆಗೆದಿಟ್ಟಿದ್ದರು. ಎಲ್ಲರೂ ಪಿಸುಮಾತಿನಲ್ಲಿದ್ದರು. ಅಣ್ಣನಿಗಾಗಿ ಕಲಿತದ್ದನ್ನೆಲ್ಲ ಅಜ್ಜಿಗೆ ಮಾಡಿದ್ದರು. ಅಜ್ಜಿ ಹೊದಿಕೆಯನ್ನು ಬೆರಳಿನಿಂದ ಹೆಕ್ಕುತ್ತ, “ಹುಶ್, ಹುಶ್! ಯಾರಲೇ ಈ ಕೋಳಿ ಒಳಗ ಬಿಟ್ಟೋರು?” ಎಂದಳು. ನಮ್ಮ ಮನೆಯಲ್ಲಿ ಎಂದೂ ಕೋಳಿ ಸಾಕಿಲ್ಲ. ನನ್ನನ್ನು ನೋಡಿ, ಎಂದೋ ತೀರಿಹೋದ ತನ್ನ ತಂಗಿ ಬಂದಳೆಂದುಕೊಂಡು ಉಂಡೆಯಾ ಎಂದು ವಿಚಾರಿಸಿದಳು. ಮಾತು ಮುಗಿಯುವ ಮೊದಲೇ ಕಣ್ಣು ಮುಚ್ಚಿದಳು.

ಮೂರು ದಿನದ ಹಿಂದಷ್ಟೇ ಫೋನಿನಲ್ಲಿ, ಭತ್ತದ ದರ ಎಷ್ಟಾಗಿದೆ ಕೇಳು ಎಂದು ನನಗೇ ಕೆಲಸ ಹಚ್ಚಿದ್ದವಳು.

ಕುರುಗೋಡಿನಿಂದ ಬಂದಿದ್ದ ಸೋದರತ್ತೆ ಬಾಗಿಲಲ್ಲಿ ಕುಳಿತಿದ್ದಳು. “ಈಗ ಗೊತ್ತಾತು ನೋಡು, ಹುಡುಗಗ ಅದು ನಮ್ಮವ್ವನ ಕಡಿಂದನ ಬಂದೈತಿ. ರಕ್ತದಾಗ ಇರೂದು ಹೊರಗ ಬರಾಕ ವಯಸ್ಸು ನೋಡತೈತೇನು?”

ಅಪ್ಪನ ಅಂಗೈಯಲ್ಲಿ ಅಣ್ಣನ ಅರ್ಧ ಮಾತ್ರೆ ಇತ್ತು. “ಇಷ್ಟು ಕೊಟ್ರ ಸಮಾಧಾನ ಆಗಿ ಮಲಗತಾಳ.”

“ಬ್ಯಾಡಪ್ಪಾ” ಎಂದೆ. ಮನೆಯಲ್ಲಿ ನಾನು ದನಿ ಎತ್ತುವವಳಲ್ಲ. ಅಂದೂ ಎತ್ತಲಿಲ್ಲ. ಆದರೆ ಅವರ ಕೈಯಿಂದ ಮಾತ್ರೆ ತೆಗೆದುಕೊಂಡೆ.

ಅಷ್ಟರಲ್ಲಿ ಅಣ್ಣ ಬಂದ. ತನ್ನ ಕಾಯಿಲೆಯ ಮಾತು ಬಂದರೆ ಎದ್ದುಹೋಗುವವನು, ಅಂದು ನಿಂತ. “ನಂದು ಹಿಂಗ ಇರಲಿಲ್ಲಪ್ಪಾ. ನನಗ ಬೈಗುಳ ಕೇಳತಿದ್ವು, ಖರೇ. ಆದ್ರ ನೀವು ಯಾರು, ಇವತ್ತು ಯಾವ ವಾರ ಅನ್ನೂದು ನಾ ಮರ್ತಿದ್ನೇನು? ಅಜ್ಜಿ ಮುಂಜಾನಿ ನನ್ನ ಗುರ್ತು ಹಿಡದ್ಲು, ಮಧ್ಯಾಹ್ನ ಯಾರಪಾ ನೀನು ಅಂದ್ಲು.”

ನಾನು ಹುಡುಕುತ್ತಿದ್ದ ಮಾತು ಅದೇ. ಅಣ್ಣನ ಸಲುವಾಗಿ ಓದುತ್ತ ಓದುತ್ತ ನನಗೆ ಇಷ್ಟು ತಿಳಿದಿತ್ತು: ಹರೆಯದಲ್ಲಿ ಮನಸ್ಸಿನ ಕಾಯಿಲೆ ತಿಂಗಳುಗಟ್ಟಲೆ ಮೆಲ್ಲಗೆ ಒಳಸೇರಬಹುದು, ಮುಪ್ಪಿನಲ್ಲಿ ಎರಡು ದಿನದಲ್ಲಿ ಬುದ್ಧಿ ಕಲಕಿದರೆ ಮೊದಲು ದೇಹವನ್ನು ತಪಾಸಣೆ ಮಾಡಿಸಬೇಕು. ತಡಮಾಡಿದರೆ ಜೀವಕ್ಕೇ ಅಪಾಯ.

“ಕಾರು ತರಿಸು” ಎಂದು ಅಣ್ಣನಿಗೆ ಹೇಳಿದೆ.

“ನಿನ್ನ ಲಗ್ನದ ಮಾತು ನಡದೈತಿ, ಹುಚ್ಚರ ದವಾಖಾನಿಗೆ ಮೆರವಣಿಗಿ ಹೊಂಟೀಯೇನ?” ಎಂದು ಅತ್ತೆ ಕೇಳಿದಳು.

“ಮೈ ನೋಡೋ ಡಾಕ್ಟರ್ ಕಡಿ ಹೊಂಟೀನಿ, ಅತ್ತಿ. ನೀನೂ ಬಾ.”

ಬಂದಳು. ದಾರಿಯುದ್ದಕ್ಕೂ ಬೈದಳು. ಕುರುಗೋಡಿಗೆ ತಿರುಗುವಲ್ಲಿ, “ಇಲ್ಲೊಬ್ರು ಅಂತ್ರ-ತಾಯತ ಕಟ್ಟತಾರ, ಐದು ನಿಮಿಷ ನಿಲ್ಲಸಪಾ” ಎಂದು ಡ್ರೈವರನ ಭುಜ ತಟ್ಟಿದಳು. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಕಾರು ನಿಲ್ಲಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ವೈದ್ಯೆ ಮೊದಲು ಕೇಳಿದ್ದು, ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂದು. “ಗೊತ್ತಿಲ್ರಿ” ಎಂದಳು ಅವ್ವ. ಕೊಯ್ಲಿನ ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ. ಪರೀಕ್ಷೆಯಲ್ಲಿ ಮೂತ್ರದ ಸೋಂಕು ಸಿಕ್ಕಿತು. ಮೈಯಲ್ಲಿ ನೀರಿರಲಿಲ್ಲ, ರಕ್ತದಲ್ಲಿ ಉಪ್ಪಿನಂಶ ಇಳಿದಿತ್ತು.

“ಈ ಹುಡುಗಿಗೆ ಇದಾದ್ರ ಉರಿ, ಜ್ವರ ಅಂತಾಳ್ರಿ” ಎಂದು ವೈದ್ಯೆ ನನ್ನ ಕಡೆ ಕೈ ತೋರಿಸಿದರು. “ಇವರ ವಯಸ್ಸಿನಾಗ ಒಮ್ಮೊಮ್ಮೆ ಜ್ವರನ ಇರಂಗಿಲ್ಲ, ಸೀದಾ ತಲಿಗೆ ಹೋಗತೈತಿ. ಮದ್ಲು ಕನ್ನಡಕ ಹಾಕ್ರಿ. ಬೆಳಕಿನಾಗ ಕುಂದ್ರಸ್ರಿ. ಮಾತಾಡಸ್ರಿ.”

ಅಣ್ಣ ವಾರ್ಡಿನ ಪರದೆ ಸರಿಸಿ, ಅಜ್ಜಿಯ ಕೈ ಹಿಡಿದು ಕುಳಿತ. ಇದು ಬಳ್ಳಾರಿ, ಇವತ್ತು ಶನಿವಾರ, ನಾನು ನಿನ್ನ ಮೊಮ್ಮಗ ಎಂದು ಬೇಸರಿಸದೆ ಹೇಳುತ್ತಿದ್ದ. ಔಷಧಿ ರಕ್ತನಾಳದ ಮೂಲಕ ಇಳಿಯಿತು. ಕೋಳಿಗಳು ಒಮ್ಮೆಲೇ ಹೋಗಲಿಲ್ಲ. ಸಂಜೆಯಾದರೆ ಮರಳಿ ಬರುತ್ತಿದ್ದವು. ಕೊನೆಗೊಂದು ಬೆಳಿಗ್ಗೆ ಅಜ್ಜಿ ಅಣ್ಣನಿಗೆ, “ಎಷ್ಟು ಸರ್ತಿ ಹೇಳ್ತೀಯೋ? ಗೊತ್ತೈತಿ ನೀ ನನ್ನ ಮೊಮ್ಮಗ ಅಂತ. ಗದ್ದ್ಯಾಗ ಯಾರದಾರ?” ಎಂದಳು. ಅಣ್ಣ ವರಾಂಡಕ್ಕೆ ಹೋಗಿ ಅವ್ವನನ್ನು ಕರೆತಂದ.

ನೀರು ಕುಡಿಯುವುದನ್ನು ಯಾಕೆ ಬಿಟ್ಟಿದ್ದೆ ಎಂದು ಆಮೇಲೆ ನಾನೇ ಅಜ್ಜಿಯನ್ನು ಕೇಳಿದೆ. ಮೊಣಕಾಲು ನೋವು, ಪಾಯಖಾನೆ ಹಿತ್ತಲಿನ ತುದಿಯಲ್ಲಿ. ಅಲ್ಲಿಗೆ ಹೋಗುವ ಅಂಗಳದ ತುಂಬ ಕೊಯ್ಲಿನ ಗಂಡಸರು. “ಅವರ ಎದುರಿಗೆ ಎಷ್ಟು ಸರ್ತಿ ಚೊಂಬು ಹಿಡಕೊಂಡು ಹೋಗ್ಲಿ?” ಎಂದಳು.

ಮರೆವು ಪೂರ್ತಿ ಹೋಗದಿರಬಹುದು, ಕೆಲವು ತಿಂಗಳ ಮೇಲೆ ಜ್ಞಾಪಕಶಕ್ತಿ ಪರೀಕ್ಷಿಸೋಣ, ಇದು ಮತ್ತೆ ಬರಬಹುದು ಎಂದು ವೈದ್ಯೆ ಎಚ್ಚರಿಸಿಯೇ ಕಳಿಸಿದರು. ನಾನು ಕೌಲ್ ಬಜಾರಿನಲ್ಲಿ ಒಂದು ಕಮೋಡ್ ಕುರ್ಚಿ ಕೊಂಡು ಕಾರಿನ ಮೇಲೆ ಕಟ್ಟಿಸಿದೆ.

ಊರಿನಲ್ಲಿ ಅದನ್ನು ಹಾಸಿಗೆಯ ಪಕ್ಕದಲ್ಲಿಟ್ಟಾಗ ಅಜ್ಜಿ ಕೆರಳಿದಳು. “ಇಲ್ಲೇ? ದೇವರ ಮನಿ ಎದುರಿಗೆ? ಸತ್ರೂ ಕುಂದ್ರಂಗಿಲ್ಲ.”

“ದೇವರ ಮನಿ ಬಾಗ್ಲಾ ಮುಚ್ಚತೀನಿ.”

“ಏನು ಹಟಾ ನೋಡಽ ಇಕಿದು!”

“ನಿಂದನ ಅದು, ರಕ್ತದಾಗ ಬಂದೈತಿ” ಎಂದಳು ಅತ್ತೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಅಣ್ಣ ಎರಡು ಮೊಳೆ ಹೊಡೆದು ಹಗ್ಗ ಕಟ್ಟಿ, ಕುರ್ಚಿಗೆ ಮರೆಯಾಗಿ ಒಂದು ಹಳೆಯ ಸೀರೆ ಇಳಿಬಿಟ್ಟ. ಅಜ್ಜಿ ಅದನ್ನು ಎಳೆದು ನೋಡಿದಳು, ಎಲ್ಲಿಂದಲಾದರೂ ಕಾಣಿಸುತ್ತದೆಯೇ ಎಂದು ಬಗ್ಗಿ ಪರೀಕ್ಷಿಸಿದಳು. ನಾನು ನೀರಿನ ಲೋಟ ಮುಂದೆ ಹಿಡಿದೆ. ಅವಳು ನನ್ನನ್ನು ದುರುಗುಟ್ಟಿ ನೋಡುತ್ತಲೇ ಕುಡಿಯತೊಡಗಿದಳು. ನಾನು ಕದಲಲಿಲ್ಲ.