ಸೀಮೆಸುಣ್ಣದ ಹಡಗು

ಇಂದು ಬೆಳಿಗ್ಗೆ ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ಹೊರಟ ಟ್ರಾಕ್ಟರ್ ನಮ್ಮ ಮನೆ ಮುಂದೆ ಹಾದುಹೋಯಿತು. ಹುಲ್ಲು ಹಾಸಿದ ಟ್ರೇಲರಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಒರಗಿ ತೂಕಡಿಸುತ್ತಿದ್ದರು. ಆ ಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ, ಚಿಕ್ಕಂದಿನಲ್ಲಿ ಕಲಿತ ಕುಕನೂರಿನ ನಮ್ಮ ಸಾಲೆಯ ನೆಲದ ತಣ್ಣನೆಯ ಪರಸಿಕಲ್ಲು ಬೆನ್ನಿಗೆ ತಾಗಿದಂತಾಯಿತು.

ಇತಿಹಾಸ ಕಲಿಸುವ ಅಕ್ಕೋರು ಅಲ್ಲಿ ಒಂದು ದಿನ ಆ ನೆಲದ ಮೇಲೆ ಸೀಮೆಸುಣ್ಣದಿಂದ ಹಡಗು ಬರೆದು, ಅದರೊಳಗೆ ನಮ್ಮನ್ನು ಭುಜಕ್ಕೆ ಭುಜ ತಾಗಿಸಿ ಮಲಗಿಸಿದ್ದರು. ಆಫ್ರಿಕಾದ ಜನರನ್ನು ಹಿಡಿದು, ಸರಪಳಿ ಹಾಕಿ, ಹೀಗೆ ತುಂಬಿ ಸಮುದ್ರ ದಾಟಿಸಿ ಮಾರುತ್ತಿದ್ದರಂತೆ. ಸಮುದ್ರವನ್ನೇ ಕಾಣದ ನಾವು ಕಣ್ಣು ಮುಚ್ಚಿ ತೇಲುತ್ತಿದ್ದೆವು.

“ಹುಲಿಗಿಗೆ ಟ್ರಾಕ್ಟರ್‌ದಾಗ ಹಿಂಗ ಮಲಕೊಂಡು ಹೋಗಿದ್ವಿರಿ ಅಕ್ಕೋರ, ಭಾಳ ಮಜಾ ಬಂತ್ರಿ,” ಅಂದೆ.

ಅಕ್ಕೋರು ನನ್ನ ಪಕ್ಕ ಕುಳಿತು ತಲೆ ಸವರಿದರು. “ನೀ ತಿರುಗಿ ಮನಿಗೆ ಬಂದಿ, ತಂಗಿ. ಅವರ ಅವ್ವಗೋಳು ಬಾಗಲಾಗ ಹಾದಿ ನೋಡ್ಕೋಂತ ಕುಂತ ಬಿಟ್ರು.”

ಇಂದು ಸಂಜೆ ಆ ಟ್ರಾಕ್ಟರ್ ತಿರುಗಿ ಬಂದು, ಮಕ್ಕಳ ಗದ್ದಲ ಕಿವಿಗೆ ಬೀಳುವ ತನಕ ನಾನು ಬಾಗಿಲು ಬಿಟ್ಟು ಕದಲಲಿಲ್ಲ.