ನಿದ್ದೆಯಲ್ಲಿ ನಾನಾಡಿದ ಮಾತು

ದೆವ್ವ, ಭೂತ, ಮೈಮೇಲೆ ಬರುವುದು, ಸತ್ತವರು ಬಂದು ಮಾತಾಡಿ ಹೋಗುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ಹೇಳಲಾರೆ. ನಮ್ಮ ಅವ್ವ ಅಮಾವಾಸ್ಯೆ ಬಂತೆಂದರೆ ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಿದ್ದಳು. ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು ಅದನ್ನು ನೋಡಿ ನಗುತ್ತಿದ್ದೆ. ಇವತ್ತು ಅದೇ ವಿಷಯವನ್ನು ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ಮುಂದೆ ಹೇಳುವುದನ್ನು ನೀವು ನಂಬಬೇಕೆಂದು ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೇ. ಅದರಲ್ಲೂ ಮುಖ್ಯವಾದ ಭಾಗವನ್ನು ನಾನು ಕಂಡಿಲ್ಲ, ಕೇಳಿಲ್ಲ. ಆಗ ನಾನು ನಿದ್ದೆಯಲ್ಲಿದ್ದೆ.

ನಾವು ಮೂಲತಃ ಹುಮನಾಬಾದ್ ಕಡೆಯವರು. ಅಪ್ಪನಿಗೆ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಹೈದರಾಬಾದಿಗೆ ಬಂದು ಸನತ್‌ನಗರದಲ್ಲಿ ಮನೆ ಮಾಡಿದ್ದೆವು. ಎಂ.ಎಸ್ಸಿ.ಗೆ ನನಗೆ ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ದಿನಾ ಬಸ್ಸು. ಅಮೀರ್‌ಪೇಟೆ, ಬೇಗಂಪೇಟೆ, ಸಿಕಂದರಾಬಾದ್ ದಾಟಿ ಊರಿನ ಈ ಕಡೆಯಿಂದ ಆ ಕಡೆಗೆ. ಮೆಟ್ರೊ ಆಗಲೇ ಓಡುತ್ತಿತ್ತು, ಆದರೆ ನಮ್ಮಂಥ ವಿದ್ಯಾರ್ಥಿಗಳ ಕೈಯಲ್ಲಿದ್ದದ್ದು ಬಸ್ ಪಾಸು. ನನ್ನ ಜೊತೆಗೆ ಗಿರಿಜಾ ಇದ್ದಳು. ಅವಳದೂ ಸನತ್‌ನಗರವೇ, ಕಲಬುರಗಿ ಕಡೆಯ ಮನೆತನ, ಓದುತ್ತಿದ್ದದ್ದು ಎಂ.ಕಾಂ. ಮನೆಯಿಂದ ಹೊರಗೆ ಬಿದ್ದರೆ ತೆಲುಗು, ಹಿಂದಿ ಮಾತಾಡುವ ನಾವು ಬಸ್ಸಿನಲ್ಲಿ ಮಾತ್ರ ಮನಸೋಇಚ್ಛೆ ಕನ್ನಡ ಮಾತಾಡುತ್ತಿದ್ದೆವು. ಸುತ್ತಲಿನವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಸುತ್ತಲಿನವರ ಬಗ್ಗೆಯೇ ಮಾತಾಡುತ್ತಿದ್ದೆವು.

ಒಂದು ದಿನ ಸಂಜೆ ತಾರ್ನಾಕದಿಂದ ವಾಪಸು ಬರುವಾಗ ನಮ್ಮ ಮುಂದಿನ ಸೀಟಿನಲ್ಲಿದ್ದ ಹೆಂಗಸು ತಿರುಗಿ ನಕ್ಕಳು. "ಯಾವೂರವ್ವಾ ನಿಮ್ಮದು? ಭಾಳ ದಿವಸದ ಮ್ಯಾಲೆ ನಮ್ಮ ಕಡಿ ಮಾತು ಕೇಳಿದೆ ನೋಡ್ರಿ" ಎಂದಳು. ನಾವು ನಾಲಿಗೆ ಕಚ್ಚಿಕೊಂಡೆವು. ಐವತ್ತರ ಆಸುಪಾಸಿನ ಹೆಂಗಸು, ಮೂಗಿನಲ್ಲಿ ದೊಡ್ಡ ನತ್ತು, ಮುಂಗೈಯಲ್ಲಿ ಹಚ್ಚೆ. ಹೆಸರು ಸೋನಾಬಾಯಿ. ಚಿಂಚೋಳಿ ಕಡೆಯ ಲಂಬಾಣಿ ತಾಂಡಾದವಳು. ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದವಳು ಬೋರಬಂಡದಲ್ಲಿ ನೆಲೆ ನಿಂತಿದ್ದಳು. ಈಗ ತಾರ್ನಾಕದ ಒಂದು ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸಿ, ಮೆಟ್ಟಿಲು ಒರೆಸುವ ಕೆಲಸ.

"ಮನಿ ಹತ್ರ ಕೆಲಸ ಸಿಗಲಿಲ್ಲೇನ್ರಿ ಮೌಶಿ? ಇಷ್ಟು ದೂರ ಬರ್ತೀರಿ" ಎಂದು ಗಿರಿಜಾ ಕೇಳಿದಳು. ಚಿಕ್ಕಮ್ಮನ ವಯಸ್ಸಿನವರನ್ನು ನಾವು ಮೌಶಿ ಎಂದೇ ಕರೆಯುವುದು.

"ಸಿಗತಿತ್ತವ್ವಾ. ನನ್ನ ಮಗಳು ಅನಿತಾ ಇದ ಬಸ್ಸಿನಾಗ ಓಡಾಡತಿದ್ದಳು. ನಿಮ್ಮ ಯೂನಿವರ್ಸಿಟಿಯಾಗ ಓದತಿದ್ದಳು."

"ಈಗ ಏನ್ ಮಾಡ್ತಾರ್ರಿ?"

"ತೀರಿಕೊಂಡಳು" ಎಂದು ಹೇಳಿ ಆಕೆ ಮುಂದಕ್ಕೆ ತಿರುಗಿದಳು. ಆಮೇಲೂ ಆ ಬಗ್ಗೆ ನಾವು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಆದರೆ ಸಂಜೆಯ ಬಸ್ಸಿನಲ್ಲಿ ಸಿಕ್ಕಾಗಲೆಲ್ಲ ತನ್ನ ಚೀಲ ಇಟ್ಟು ನಮಗೊಂದು ಸೀಟು ಹಿಡಿದಿರುತ್ತಿದ್ದಳು. ನಾನೂ ಗಿರಿಜಾಳೂ ಸರದಿಯಲ್ಲಿ ಕೂರುತ್ತಿದ್ದೆವು. ಜೋಳದ ರೊಟ್ಟಿ, ಊರಿನ ಬಿಸಿಲು, ಇಲ್ಲಿನ ನೀರು, ಇಂಥವೇ ಮಾತು. ಮಗಳು ಹೇಗೆ ಹೋದಳು, ಯಾವಾಗ ಹೋದಳು, ಏನೂ ನಮಗೆ ಗೊತ್ತಿರಲಿಲ್ಲ. ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು.

ಪ್ರಾಕ್ಟಿಕಲ್ ಪರೀಕ್ಷೆಗಳು ನಡೆಯುತ್ತಿದ್ದ ದಿನಗಳು. ಬೇಸಿಗೆ ಏರಿತ್ತು, ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಆ ದಿನ ಪ್ರಯೋಗಾಲಯದಲ್ಲಿ ಬೆಳಗಿನಿಂದ ನಿಂತೇ ಇದ್ದ ನನಗೆ ಕಣ್ಣು ಎಳೆಯುತ್ತಿತ್ತು. ಗಿರಿಜಾ ತಾನು ಕಂಬಿ ಹಿಡಿದು ನಿಂತು ಸೋನಾಬಾಯಿಯ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟಳು. ಬಸ್ಸು ಹೊರಟು ಸ್ವಲ್ಪ ಹೊತ್ತಿಗೇ ನನಗೆ ನಿದ್ದೆ ಹತ್ತಿತು. ಕನಸು ಬಿದ್ದ ನೆನಪಿಲ್ಲ.

ಯಾರೋ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರಿಂದ ಎಚ್ಚರವಾಯಿತು. ಬೇಗಂಪೇಟೆ ಬಂದಿತ್ತು. ಸೋನಾಬಾಯಿ ಒಂದು ಕೈಯಲ್ಲಿ ನನ್ನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಸದ್ದಿಲ್ಲದ ಅಳು. ಹತ್ತಿರ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಗಿರಿಜಾಳ ಮುಖ ಬಿಳಿಚಿಕೊಂಡಿತ್ತು.

"ಏನಾತು?" ಎಂದೆ.

"ನಿನಗ ಆ ಭಾಷಾ ಯಾವಾಗ ಬಂತೇ?" ಎಂದಳು ಗಿರಿಜಾ.

"ಯಾವ ಭಾಷಾ?"

ಅವಳು ಸೋನಾಬಾಯಿಯ ಕಡೆ ನೋಡಿದಳು. ಸೋನಾಬಾಯಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಮಾತು ಅಂದಳು. ಅದು ಲಂಬಾಣಿ ಮಾತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ನನ್ನ ಮುಖದಲ್ಲಿ ಕಂಡಿರಬೇಕು, ಆಕೆ ಮೆಲ್ಲಗೆ ಕೈ ತೆಗೆದಳು.

ಸನತ್‌ನಗರದಲ್ಲಿ ನಮ್ಮ ಜೊತೆ ಆಕೆಯೂ ಇಳಿದಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಮೊದಲ ಬಾರಿಗೆ ಮಗಳ ವಿಷಯ ಹೇಳಿದಳು. ಹೋದ ಚಳಿಗಾಲದ ಒಂದು ಬೆಳಿಗ್ಗೆ. ಆಗಿನ್ನೂ ಸೋನಾಬಾಯಿಗೆ ಕಟ್ಟಡದ ಕೆಲಸ. ಕೂಲಿಯವರನ್ನು ಕರೆದೊಯ್ಯುವ ಟೆಂಪೊ ಓಣಿಯ ತುದಿಗೆ ನಿಂತು ಹಾರ್ನ್ ಹೊಡೆಯುತ್ತಿತ್ತು.

"ನಾ ಹೊಸ್ತಿಲ ದಾಟೀನಿ. ಹಿಂದಿಂದ ಆಕಿ 'ಯಾಡಿ' ಅಂತ ಕರದಳು. ಯಾಡಿ ಅಂದ್ರ ನಮ್ಮ ಮಾತಿನಾಗ ಅವ್ವ. 'ಸಂಜಿಕ ಹೇಳವಾ' ಅಂದೆ. ತಿರುಗಿ ಸುದ್ದಾ ನೋಡಲಿಲ್ಲ. ಟೆಂಪೊ ಹೋಗಿಬಿಟ್ರ ಅವತ್ತಿನ ಕೆಲಸ ಹೋಗತಿತ್ತು."

ಮಧ್ಯಾಹ್ನ ಅನಿತಾ ತರಗತಿಯಲ್ಲೇ ಕುಸಿದು ಬಿದ್ದಳಂತೆ. ಮೈ ಕೆಂಡದಂತೆ ಸುಡುತ್ತಿತ್ತಂತೆ. ಗೆಳತಿಯರು ಆಸ್ಪತ್ರೆಗೆ ಒಯ್ದರು. ಸೋನಾಬಾಯಿಗೆ ಸುದ್ದಿ ಮುಟ್ಟಿ, ಸಿಮೆಂಟು ಮೆತ್ತಿದ ಕಾಲಿನಲ್ಲೇ ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜ್ವರ ಒಳಗೊಳಗೇ ಎಷ್ಟೋ ದಿನದಿಂದ ಇದ್ದಿರಬೇಕು ಎಂದು ಡಾಕ್ಟರು ಹೇಳಿದರಂತೆ.

"ಆಕಿ ನನ್ನ ಯಾಕ ಕರದಳು? ಏನು ಹೇಳೋದಿತ್ತು? ಉಣ್ಣಾಕ ಕುಂತ್ರೂ ಅದ, ಮಲಗಿದ್ರೂ ಅದ. ಅದಕ್ಕ ಆ ಕೆಲಸ ಬಿಟ್ಟೆ. ಆಕಿ ಹೋಗೋ ದಾರ್‍ಯಾಗ ನಾನೂ ಹೊಂಟೆ. ಎಲ್ಲರೆ ಕಿವಿಗಿ ಬಿದ್ದೀತು ಅಂತ." ಆಕೆ ನನ್ನ ಕಡೆ ತಿರುಗಿ, "ಇವತ್ತು ಬಿತ್ತು" ಎಂದಳು.

"ನಾನು ಏನ್ ಅಂದೆರಿ ಮೌಶಿ?"

"ಯಾಡಿ, ನನಗ ಚಳಿ ಆಗಾಕತ್ತೈತಿ, ನಿನ್ನ ಶಾಲು ಹೊದ್ದುಕೊಂಡು ಹೋಗ್ಲೇನ? ಅಂತ ಕೇಳಿದಿ. ನಮ್ಮ ಮಾತಿನಾಗ. ಆಕಿ ಮಾತು ಹ್ಯಾಂಗ ಎಳೀತಿದ್ದಳೋ ಹಂಗ ಎಳದು." ಆಸ್ಪತ್ರೆಯಲ್ಲಿ ಮಗಳ ಮೈಮೇಲೆ ಇದ್ದದ್ದು ತಾಯಿಯ ಶಾಲೇ ಅಂತೆ. ಅದನ್ನು ಆಕೆ ನಮಗೆ ಅದಕ್ಕೆ ಮೊದಲು ಯಾವತ್ತೂ ಹೇಳಿರಲಿಲ್ಲ.

ಸೋನಾಬಾಯಿ ಹೋದ ಮೇಲೆ ಗಿರಿಜಾ ಇನ್ನೊಂದು ಮಾತು ಹೇಳಿದಳು. ಮಾತಾಡುವಾಗ ನಾನು ಎರಡೂ ತೋಳನ್ನು ಎದೆಗೆ ಒತ್ತಿಕೊಂಡಿದ್ದೆನಂತೆ. ಆ ಸೆಕೆಯಲ್ಲಿ, ಎಲ್ಲರೂ ಬೆವರು ಒರೆಸಿಕೊಳ್ಳುತ್ತಿರುವಾಗ, ನನ್ನ ತೋಳಿನ ಮೇಲೆ ಚಳಿಗೆ ಎದ್ದಂತೆ ಕೂದಲು ಎದ್ದಿದ್ದವಂತೆ. "ಧ್ವನಿ ಹ್ಯಾಂಗಿತ್ತು?" ಎಂದು ಕೇಳಿದೆ. "ನಿಂದ ಧ್ವನಿ. ಅದಕ್ಕ ಅಂಜಿಕಿ ಬಂತು" ಎಂದಳು.

ನಾನು ಸುಮ್ಮನೆ ಒಪ್ಪಿಕೊಂಡವಳಲ್ಲ. ಚಿಕ್ಕಂದಿನಲ್ಲಿ ಹುಮನಾಬಾದಿನ ಸಂತೆಯಲ್ಲಿ ಲಂಬಾಣಿ ಹೆಂಗಸರ ಮಾತು ಕೇಳಿದ್ದೇನೆ, ಅದರ ತುಣುಕುಗಳು ತಲೆಯಲ್ಲಿ ಎಲ್ಲೋ ಉಳಿದಿರಬಹುದು ಎಂದುಕೊಂಡೆ. ನಾನು ನಿದ್ದೆಗಣ್ಣಿನಲ್ಲಿ ಏನೋ ಗೊಣಗಿರಬಹುದು, ದುಃಖದಲ್ಲಿದ್ದ ತಾಯಿ ತಾನು ಕೇಳಬಯಸಿದ್ದನ್ನೇ ಕೇಳಿಸಿಕೊಂಡಿರಬಹುದು ಎಂದುಕೊಂಡೆ. ಆದರೆ ಈ ಎರಡನೆಯದು ಯಾವಾಗಲೂ ಒಂದು ಕಡೆ ಬಂದು ನಿಂತುಬಿಡುತ್ತದೆ. ಯಾವ ತಾಯಿ ಆ ಮಾತನ್ನು ಕೇಳಬಯಸುತ್ತಾಳೆ? ಚಳಿ ಆಗುತ್ತಿದೆ ಎಂದು ಮಗಳು ಹೇಳಹೊರಟಿದ್ದನ್ನು ಆ ಬೆಳಿಗ್ಗೆ ಕೇಳಿಸಿಕೊಂಡಿದ್ದರೆ ಸೋನಾಬಾಯಿ ಹಿಂದಿರುಗಿ ಹಣೆ ಮುಟ್ಟಿ ನೋಡುತ್ತಿದ್ದಳು. ಟೆಂಪೊ ಹೋಗಲಿ ಎಂದು ಬಿಡುತ್ತಿದ್ದಳು. ತನ್ನನ್ನು ಜೀವಮಾನವಿಡೀ ಸುಡುವಂಥ ಮಾತನ್ನು ಯಾರಾದರೂ ತಾವೇ ಕಲ್ಪಿಸಿಕೊಳ್ಳುತ್ತಾರೆಯೇ?

ಅಂದಿನಿಂದ ಸೋನಾಬಾಯಿ ಸೀಟು ಹಿಡಿಯುತ್ತಿದ್ದದ್ದು ನನಗೊಬ್ಬಳಿಗೇ. ಮೊದಲಿನ ಹಾಗೆ ರೊಟ್ಟಿ, ನೀರಿನ ಮಾತಿಲ್ಲ. ನಾನು ಕೂತ ಕೂಡಲೇ ಕಿಟಕಿಯ ಗಾಜು ಎಳೆಯುವಳು, ಬಿಸಿಲು ಬಿದ್ದರೆ ಸೆರಗು ಅಡ್ಡ ಹಿಡಿಯುವಳು, ತನ್ನ ಭುಜವನ್ನು ನನ್ನ ತಲೆಗೆ ಸರಿಹೊಂದುವಂತೆ ತಗ್ಗಿಸುವಳು. ಮತ್ತೆ ನನ್ನ ಕಣ್ಣುಗಳನ್ನೇ ನೋಡುತ್ತ ಕೂರುವಳು. ನಾನು ನಿದ್ದೆ ಮಾಡಲೆಂದು ಕಾಯುತ್ತಿದ್ದಳು. ಒಬ್ಬರು ಹಾಗೆ ಕಾಯುತ್ತಿದ್ದರೆ ನಿದ್ದೆ ಬರುತ್ತದೆಯೇ? ಕಣ್ಣು ಮುಚ್ಚುತ್ತಿದ್ದೆ. ಬಸ್ಸಿನ ಎಲ್ಲ ಸದ್ದೂ ಮೊದಲಿಗಿಂತ ಜೋರಾಗಿ ಕೇಳುತ್ತಿತ್ತು. ಅಮೀರ್‌ಪೇಟೆ ಬಂದಾಗ ಕಣ್ಣು ತೆರೆದರೆ ಆಕೆಯ ಮುಖ ಬಾಡಿರುತ್ತಿತ್ತು.

ಗಿರಿಜಾಗೆ ಸಿಟ್ಟು. "ಬ್ಯಾರೆ ಬಸ್ಸಿಗೆ ಹೋಗೋಣ ಬಾರೇ. ಇದು ಚಲೋ ಅಲ್ಲ" ಎಂದಳು. ಅವ್ವನಿಗೆ ವಿಷಯ ತಿಳಿದು ತಾಯತ ಕಟ್ಟಿಸಲು ಹೊರಟಳು. ನನಗೂ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆಕೆ ಚೀಲ ಇಟ್ಟು ಹಿಡಿದ ಸೀಟು ಖಾಲಿ ಉಳಿಯುವುದನ್ನು ಯೋಚಿಸಿದರೆ ಬೇರೆ ಬಸ್ಸು ಹತ್ತಲು ಕಾಲು ಬರುತ್ತಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಮೌಶಿ, ನಿಮಗ ಇನ್ನೇನು ಕೇಳೋದೈತ್ರಿ?"

"ಕೇಳೋದೇನಿಲ್ಲವ್ವಾ" ಎಂದಳು. "ಹೇಳೋದೈತಿ. ಆಕಿ ಅಷ್ಟು ದೂರದಿಂದ ಬಂದು ಕೇಳಿ ಹೋದಳು. ನಾ ಅವತ್ತೂ ಉತ್ತರ ಕೊಡಲಿಲ್ಲ, ಮೊನ್ನೆನೂ ಕೊಡಲಿಲ್ಲ. ಬಸ್ಸಿನಾಗ ಅಳಕೋತ ಕುಂತುಬಿಟ್ಟೆ."

ಕೊನೆಯ ಪರೀಕ್ಷೆ ಮುಗಿದ ದಿನ ಗಿರಿಜಾ ಬಂದಿರಲಿಲ್ಲ, ಅವಳ ಪರೀಕ್ಷೆಗಳು ಮೊದಲೇ ಮುಗಿದಿದ್ದವು. ಇನ್ನು ಈ ದಾರಿ ಇಲ್ಲ ಎಂಬ ನೆಮ್ಮದಿಗೋ ಏನೋ, ಆ ಸಂಜೆ ಸಿಕಂದರಾಬಾದ್ ದಾಟುವ ಮೊದಲೇ ನನಗೆ ಗಾಢವಾದ ನಿದ್ದೆ ಬಂದಿತು. ಕಂಡಕ್ಟರು "ದಿಗಂಡಮ್ಮಾ, ಲಾಸ್ಟ್ ಸ್ಟಾಪ್" ಎಂದು ಕೂಗಿ ಇಳಿಯಲು ಹೇಳಿದಾಗಲೇ ಎಚ್ಚರ. ಸನತ್‌ನಗರ ದಾಟಿ ಬೋರಬಂಡಕ್ಕೆ ಬಂದುಬಿಟ್ಟಿದ್ದೆ. ಬಸ್ಸಿನಲ್ಲಿ ಯಾರೂ ಉಳಿದಿರಲಿಲ್ಲ. ನನ್ನ ತಲೆ ಸೋನಾಬಾಯಿಯ ಭುಜದ ಮೇಲಿತ್ತು. ಅಷ್ಟು ದೂರ ಆಕೆ ಒಂದಿಷ್ಟೂ ಅಲುಗಾಡದೆ ಕೂತಿದ್ದಿರಬೇಕು, ಏಳುವಾಗ ಆ ಕಡೆಯ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡಳು.

ಕೆಳಗಿಳಿದ ಮೇಲೆ ಕೇಳಿದೆ: "ಮಾತಾಡಿದಳೇನ್ರಿ?"

ಆಕೆ ತಲೆ ಅಲ್ಲಾಡಿಸಿದಳು. "ಇಲ್ಲವ್ವಾ. ಏನೂ ಅನಲಿಲ್ಲ. ಸುಮ್ಮ ಮಲಗಿದ್ದಳು. ನಾನ ಹೇಳಿದೆ."

ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ. ಕೇಳುವ ಮಾತಲ್ಲ ಅದು. ನನ್ನನ್ನು ವಾಪಸು ಹೋಗುವ ಬಸ್ಸಿಗೆ ಹತ್ತಿಸಲು ರಸ್ತೆಯ ಆಚೆಗೆ ಕರೆದುಕೊಂಡು ಬಂದಳು. ನನ್ನ ಕೆನ್ನೆ ಸವರಿ, ತನ್ನ ಹಣೆಗೆ ಬೆರಳು ಒತ್ತಿ ನೆಟಿಕೆ ಮುರಿದಳು. ಬಸ್ಸು ಬಂದಾಗ ನನ್ನ ಮೊಣಕೈ ಹಿಡಿದು ತಡೆದು, "ಆಕಿಗಿ ಕೇಳಿರಬೇಕಲ್ಲವ್ವಾ?" ಎಂದಳು.

"ಕೇಳೈತ್ರಿ ಮೌಶಿ" ಎಂದೆ.

ಆಕೆ ಕೈ ಬಿಟ್ಟಳು. ಆಮೇಲೆ ನಾನು ಸೋನಾಬಾಯಿಯನ್ನು ನೋಡಲಿಲ್ಲ. ಫಲಿತಾಂಶದ ದಿನಗಳಲ್ಲಿ ತಾರ್ನಾಕಕ್ಕೆ ಹೋದಾಗ ಆ ಅಪಾರ್ಟ್‌ಮೆಂಟಿನಲ್ಲಿ ವಿಚಾರಿಸಿದೆ. ಕೆಲಸ ಬಿಟ್ಟು ತಾಂಡಾಕ್ಕೆ ಹೋದಳು ಎಂದರು. ಗಿರಿಜಾ ಈಗ ಸೋಲಾಪುರದಲ್ಲಿ ಸಂಸಾರ ಹೂಡಿದ್ದಾಳೆ. ಫೋನಿನಲ್ಲಿ ಎಲ್ಲ ಮಾತಾಡುತ್ತೇವೆ, ಇದೊಂದನ್ನು ಎತ್ತಲು ಅವಳು ಬಿಡುವುದಿಲ್ಲ.

ನನಗೆ ಉತ್ತರ ಸಿಕ್ಕಿಲ್ಲ. ನನ್ನ ಬಾಯಿಂದ ಆ ಬೇಸಿಗೆಯ ಸಂಜೆ ಯಾರು ಮಾತಾಡಿದರೋ, ಅಥವಾ ಯಾರೂ ಮಾತಾಡಲಿಲ್ಲವೋ, ತಿಳಿಯದು. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ನಾನು ಎಚ್ಚರದಲ್ಲಿದ್ದು ಆಡಿದ ಮಾತು. ಆ ತಾಯಿಗೆ ಸಮಾಧಾನವಾಗಲಿ ಎಂದು ಹೇಳಿದೆನೇ? ಹಾಗೆ ಯೋಚಿಸಿ ಹೇಳಿದ ನೆನಪು ನನಗಿಲ್ಲ. ಆಕೆ ಕೇಳಿದಳು, ನಾನು ಒಂದು ಕ್ಷಣವೂ ಅನುಮಾನಿಸದೆ, ಚೆನ್ನಾಗಿ ಗೊತ್ತಿರುವವಳ ಹಾಗೆ, ಹೌದು, ಅನಿತಾಗೆ ಕೇಳಿಸಿದೆ ಎಂದುಬಿಟ್ಟೆ.